ಮುಂಬೈ ಲೋಕಲ್ ಸೇವೆ: ಹನ್ನೆರಡು ಬೋಗಿಗೆ ಇಬ್ಬರೇ ಸಿಬ್ಬಂದಿ

ಅಗ್ಗದ ದರಕ್ಕೂ ಮೇಲಿಂದ ಮೇಲೆ ಸಿಗುವ ಗಾಡಿಗೂ ಮುಂಬೈ ಲೋಕಲ್‌ಗೆ ಪೂರ್ತಿ ಅಂಕ ಕೊಡಬೇಕು. ಎರಡನೇ ದರ್ಜೆಯ ಟಿಕೆಟ್ ಐದು ರೂಪಾಯಿಂದ ಶುರು. ದಟ್ಟಣೆಯ ಹೊತ್ತಿನಲ್ಲಿ ಮೂರು ನಾಲ್ಕು ನಿಮಿಷಕ್ಕೊಂದು ಗಾಡಿ. ಮಧ್ಯ ರೈಲ್ವೆ ದಿನಕ್ಕೆ ಸುಮಾರು 1,800, ಪಶ್ಚಿಮ ರೈಲ್ವೆ ಸುಮಾರು 1,400 ಲೋಕಲ್‌ಗಳನ್ನು ಓಡಿಸುತ್ತವೆ. ಎರಡೂ ಸೇರಿ ದಿನಕ್ಕೆ 75 ಲಕ್ಷದಷ್ಟು ಪ್ರಯಾಣಿಕರು. ಡೊಂಬಿವಲಿ, ಠಾಣೆ, ಮೀರಾ ರೋಡ್, ನಾಲಾಸೋಪಾರ ಕಡೆ ನೆಲೆಸಿರುವ ಸಾವಿರಾರು ಕನ್ನಡಿಗರ, ತುಳುವರ ಅನ್ನದ ದಾರಿಯೂ ಇದೇ.

ಈ ಸೇವೆಯನ್ನು ಇಲ್ಲಿ ಒಂದೇ ಪ್ರಶ್ನೆ ಹಿಡಿದು ಅಳೆಯುತ್ತಿದ್ದೇವೆ. ಹತ್ತಿದವರ ಜೀವ ಕಾಯಲು ಗಾಡಿಯಲ್ಲಿ ಯಾರಿದ್ದಾರೆ, ಎಲ್ಲಿದ್ದಾರೆ, ಅವರಿಂದ ಏನು ಸಾಧ್ಯ? ಈ ಪರೀಕ್ಷೆಯಲ್ಲಿ ಲೋಕಲ್‌ಗೆ ಪಾಸ್ ಅಂಕ ಕೊಡಲಾಗುವುದಿಲ್ಲ. 2023ರಲ್ಲಿ ಮುಂಬೈ ಉಪನಗರ ಮಾರ್ಗಗಳಲ್ಲಿ 2,590 ಜನ ಸತ್ತರು. ಇವರಲ್ಲಿ ಹಳಿ ದಾಟುವಾಗ ಗಾಡಿಗೆ ಸಿಕ್ಕವರೇ ಹೆಚ್ಚು, ಓಡುವ ಗಾಡಿಯಿಂದ ಬಿದ್ದವರು ಅವರ ನಂತರ. ಎರಡು ಗಾಡಿ ಡಿಕ್ಕಿಯಾಗಿ ಸಾಯುವುದು ಇಲ್ಲಿ ತೀರಾ ಅಪರೂಪ. ಅಂದರೆ ಗಾಡಿ ಓಡಿಸುವ ವ್ಯವಸ್ಥೆ ಗಟ್ಟಿಯಾಗಿದೆ, ಗಾಡಿಯಲ್ಲಿರುವ ಮನುಷ್ಯನನ್ನು ನೋಡಿಕೊಳ್ಳುವ ವ್ಯವಸ್ಥೆ ಸೊರಗಿದೆ.

ಹನ್ನೆರಡು ಬೋಗಿಯ ಗಾಡಿ ಸುಮಾರು 250 ಮೀಟರ್ ಉದ್ದ. ದಟ್ಟಣೆಯಲ್ಲಿ ನಾಲ್ಕೈದು ಸಾವಿರ ಜನ ಅದರಲ್ಲಿರುತ್ತಾರೆ. ಅಷ್ಟು ಜನಕ್ಕೆ ಗಾಡಿ ನಡೆಸುವ ಸಿಬ್ಬಂದಿ ಇಬ್ಬರು: ಮುಂದಿನ ಕ್ಯಾಬಿನಲ್ಲಿ ಮೋಟರ್‌ಮನ್, ಹಿಂದಿನ ಕ್ಯಾಬಿನಲ್ಲಿ ಗಾರ್ಡ್. ಗಾರ್ಡ್ ಹುದ್ದೆಗೆ 2022ರ ಜನವರಿಯಿಂದ ಟ್ರೇನ್ ಮ್ಯಾನೇಜರ್ ಎಂಬ ಹೆಸರು ಬಂದಿದೆ, ಪ್ಲಾಟ್‌ಫಾರಂನಲ್ಲಿ ಮಾತ್ರ ಎಲ್ಲರೂ ಗಾರ್ಡ್ ಎಂದೇ ಕರೆಯುತ್ತಾರೆ. ಸಾಮಾನ್ಯ ಲೋಕಲ್‌ನಲ್ಲಿ ಬೋಗಿಯಿಂದ ಬೋಗಿಗೆ ಒಳದಾರಿ ಇಲ್ಲ. ಗಾಡಿ ಓಡುತ್ತಿರುವಾಗ ಇಬ್ಬರಲ್ಲಿ ಯಾರೂ ನಿಮ್ಮ ಬಳಿ ಬರಲಾರರು. ಏಳನೇ ಬೋಗಿಯಲ್ಲಿ ಯಾರಾದರೂ ಕುಸಿದರೆ, ಹೊಡೆದಾಟವಾದರೆ, ಮುಂದಿನ ಸ್ಟೇಷನ್ ಬರುವತನಕ ಆ ಬೋಗಿಯವರೇ ನೋಡಿಕೊಳ್ಳಬೇಕು. ಲೋಕಲ್ ಹತ್ತುವ ಪ್ರತಿಯೊಬ್ಬರಿಗೂ ಇದು ಗೊತ್ತಿರಬೇಕು.

ಮೋಟರ್‌ಮನ್ ಕೆಲಸ ಮೊದಲು ನೋಡೋಣ. ದೂರದ ಗಾಡಿಗಳ ಎಂಜಿನ್‌ನಲ್ಲಿ ಲೋಕೋ ಪೈಲಟ್ ಜತೆಗೊಬ್ಬ ಸಹಾಯಕ ಇರುತ್ತಾನೆ, ಸಿಗ್ನಲ್ ಬಣ್ಣವನ್ನು ಇಬ್ಬರೂ ಕೂಗಿ ಹೇಳಿಕೊಳ್ಳುತ್ತಾರೆ. ಲೋಕಲ್‌ನ ಮೋಟರ್‌ಮನ್ ಒಂಟಿ. ಅವನಿಗೆ ಜತೆಯಾಗಿರುವುದು ಎರಡು ಯಂತ್ರಗಳು. ಒಂದು, ಡೆಡ್‌ಮ್ಯಾನ್ ಹ್ಯಾಂಡಲ್. ಓಡಿಸುವ ಹಿಡಿಯನ್ನು ಅವನು ಒತ್ತಿಹಿಡಿದೇ ಇರಬೇಕು, ಪ್ರಜ್ಞೆ ತಪ್ಪಿ ಕೈ ಸಡಿಲಾದರೆ ತುರ್ತು ಬ್ರೇಕ್ ಬೀಳುತ್ತದೆ. ಇನ್ನೊಂದು, ಎಡಬ್ಲ್ಯೂಎಸ್ ಎಂಬ ಎಚ್ಚರಿಕೆ ವ್ಯವಸ್ಥೆ. ಹಳಿಯಲ್ಲಿ ಕೂರಿಸಿದ ಮ್ಯಾಗ್ನೆಟ್ ಸಿಗ್ನಲ್‌ನ ಸ್ಥಿತಿಯನ್ನು ಕ್ಯಾಬಿಗೆ ಮುಟ್ಟಿಸುತ್ತದೆ. ಎಚ್ಚರಿಕೆ ಸದ್ದಿಗೆ ಮೋಟರ್‌ಮನ್ ಉತ್ತರ ಕೊಡದಿದ್ದರೆ ಗಾಡಿಗೆ ತಾನಾಗಿ ಬ್ರೇಕ್ ಬೀಳುತ್ತದೆ. ಇಷ್ಟು ದಟ್ಟ ಓಡಾಟದಲ್ಲೂ ಡಿಕ್ಕಿಗಳು ಅಪರೂಪವಾಗಿರುವುದರ ಹಿಂದೆ ಈ ಯಂತ್ರಗಳೂ ಮೋಟರ್‌ಮನ್‌ಗಳ ಶಿಸ್ತೂ ಇವೆ. ಈ ಭಾಗಕ್ಕೆ ನಮ್ಮಿಂದ ಒಳ್ಳೆಯ ಅಂಕ.

ಕೊರತೆ ಇರುವುದು ತಲೆಎಣಿಕೆಯಲ್ಲಿ. ಖಾಲಿ ಹುದ್ದೆಗಳ ಕೆಲಸ ಓವರ್‌ಟೈಮ್ ಮೇಲೆ ನಡೆಯುತ್ತದೆ. ಕೆಂಪು ಸಿಗ್ನಲ್ ದಾಟಿದರೆ ನೌಕರಿಗೇ ಸಂಚಕಾರ ಎಂಬ ಭಯದಲ್ಲಿ, ದಣಿದ ಮನುಷ್ಯ ಸಾವಿರಾರು ಜನರನ್ನು ಹೊತ್ತು ಒಂಟಿಯಾಗಿ ಗಾಡಿ ಓಡಿಸುತ್ತಿರುತ್ತಾನೆ. 2024ರ ಫೆಬ್ರವರಿಯಲ್ಲಿ ಮಧ್ಯ ರೈಲ್ವೆಯ ಮೋಟರ್‌ಮನ್ ಒಬ್ಬರು ತೀರಿಕೊಂಡಾಗ ಸಹೋದ್ಯೋಗಿಗಳು ಅಂತ್ಯಕ್ರಿಯೆಗೆ ಹೋದರು, ಓವರ್‌ಟೈಮ್‌ಗೆ ಯಾರೂ ಸಿಗಲಿಲ್ಲ, ಆ ಒಂದೇ ದಿನ ನೂರಕ್ಕೂ ಹೆಚ್ಚು ಗಾಡಿ ರದ್ದಾದವು. ಕೆಲವು ಜನ ಒಂದು ಹೊತ್ತು ಇಲ್ಲದಿದ್ದರೆ ವೇಳಾಪಟ್ಟಿಯೇ ಮುರಿದುಬೀಳುತ್ತದೆ ಎಂದ ಮೇಲೆ, ಆ ವೇಳಾಪಟ್ಟಿಯನ್ನು ಬರೆದದ್ದೇ ಸಾಲದ ಸಿಬ್ಬಂದಿಯ ಮೇಲೆ.

ಪ್ರಯಾಣಿಕರು ತಿಳಿದಿರಬೇಕಾದ ಒಂದು ನಿಯಮವೂ ಇಲ್ಲೇ ಬರುತ್ತದೆ. ಸ್ವಯಂಚಾಲಿತ ಸಿಗ್ನಲ್ ಇರುವ ಹಾದಿಯಲ್ಲಿ ಕೆಂಪು ಕಂಡರೆ ಮೋಟರ್‌ಮನ್ ಗಾಡಿ ನಿಲ್ಲಿಸಿ ಹಗಲಿನಲ್ಲಿ ಒಂದು ನಿಮಿಷ, ರಾತ್ರಿಯಲ್ಲಿ ಎರಡು ನಿಮಿಷ ಕಾಯುತ್ತಾನೆ. ಆಮೇಲೂ ಕೆಂಪೇ ಇದ್ದರೆ ಮುಂದಿನ ಹಾದಿ ನೋಡಿಕೊಂಡು ಮೆಲ್ಲಗೆ ಸಾಗುತ್ತಾನೆ. ಹಾಗಾಗಿ ನಡುದಾರಿಯಲ್ಲಿ ನಿಂತ ಗಾಡಿ ಕೆಟ್ಟಿದೆ ಎಂದು ಅಂದುಕೊಳ್ಳಬೇಡಿ, ಯಾವ ಕ್ಷಣದಲ್ಲೂ ಹೊರಡಬಹುದು. ಬೇಸತ್ತು ಕೆಳಗೆ ಧುಮುಕಿದವರು ಕಾಲಿಡುವುದು ಪಕ್ಕದ ಹಳಿಯ ಮೇಲೆ. ಅಲ್ಲಿ ಹೆಚ್ಚಿನ ಕಡೆ ನಾಲ್ಕು ಹಳಿ, ಕೆಲವೆಡೆ ಆರು. ಒಂದು ಗಾಡಿಯ ಸದ್ದಿನಲ್ಲಿ ಇನ್ನೊಂದರ ಸದ್ದು ಮುಚ್ಚಿಹೋಗುತ್ತದೆ. ಸಿಬ್ಬಂದಿ ಇಳಿಯಲು ಹೇಳುವ ತನಕ ಇಳಿಯಬೇಡಿ. ಹೇಳಿದರೆ, ಪಕ್ಕದ ಹಳಿಗೆ ಬೆನ್ನು ಹಾಕದೆ ಇಳಿಯಿರಿ.

ಇನ್ನು ಗಾರ್ಡ್. ಸ್ಟೇಷನ್‌ನಲ್ಲಿ ಗಾಡಿ ನಿಲ್ಲುವುದು ಇಪ್ಪತ್ತರಿಂದ ಮೂವತ್ತು ಸೆಕೆಂಡ್. ಅಷ್ಟರಲ್ಲಿ ಅವನು ಕ್ಯಾಬಿನಿಂದ ತಲೆ ಹೊರಹಾಕಿ ಉದ್ದಕ್ಕೂ ನೋಡಬೇಕು, ಹತ್ತುವುದು ಇಳಿಯುವುದು ಮುಗಿದಿದೆ ಎನಿಸಿದಾಗ ಎರಡು ಬೆಲ್ ಕೊಡಬೇಕು. ಮುಂದಿನಿಂದ ಮೋಟರ್‌ಮನ್ ಉತ್ತರದ ಬೆಲ್ ಕೊಟ್ಟು ಗಾಡಿ ತೆಗೆಯುತ್ತಾನೆ. ಒಂದೇ ಬೆಲ್ ಎಂದರೆ ನಿಲ್ಲಿಸು. ಹೊರಟ ಮೇಲೂ ಪ್ಲಾಟ್‌ಫಾರಂ ದಾಟುವವರೆಗೆ ಗಾರ್ಡ್ ಹೊರಗೇ ನೋಡುತ್ತಿರಬೇಕು, ಯಾರಾದರೂ ಜಾರಿ ಎಳೆಯಲ್ಪಡುತ್ತಿದ್ದರೆ ತನ್ನ ಕ್ಯಾಬಿನಿಂದಲೇ ಬ್ರೇಕ್ ಹಾಕಬೇಕು.

ಕಾಗದದ ಮೇಲೆ ಇದು ಸರಿಯಾಗಿದೆ. ಬೆಳಗ್ಗೆ ಎಂಟೂವರೆಗೆ ಡೊಂಬಿವಲಿಯಲ್ಲೋ ದಾದರಿನಲ್ಲೋ 250 ಮೀಟರ್ ಉದ್ದದ ಗುಂಪಿನ ಆಚೆ ತುದಿ ಗಾರ್ಡ್‌ಗೆ ಕಾಣುವುದಿಲ್ಲ. ಪ್ಲಾಟ್‌ಫಾರಂ ಬಾಗಿದ್ದರೆ ಅರ್ಧ ಗಾಡಿಯೂ ಕಾಣುವುದಿಲ್ಲ. ಬಾಗಿಲೇ ಮುಚ್ಚದ ಗಾಡಿಯಲ್ಲಿ ಎಲ್ಲರೂ ಒಳಗಿದ್ದಾರೆ ಎಂದು ಅವನು ಖಾತ್ರಿ ಮಾಡಿಕೊಳ್ಳುವುದಾದರೂ ಹೇಗೆ? ಜನ ಬಾಗಿಲಲ್ಲಿ ಜೋತುಬಿದ್ದೇ ಇರುತ್ತಾರೆ, ಅದನ್ನು ನೋಡಿಕೊಂಡೇ ಬೆಲ್ ಕೊಡಬೇಕು. ಕೊಡದೆ ಕಾದರೆ ಹಿಂದೆ ಮೂರು ಗಾಡಿ ನಿಲ್ಲುತ್ತವೆ. ಅವನ ಹುದ್ದೆಯ ಮುಖ್ಯ ಕರ್ತವ್ಯವನ್ನೇ ಗಾಡಿಯ ವಿನ್ಯಾಸ ಕೈಗೂಡದಂತೆ ಮಾಡಿಟ್ಟಿದೆ. ಈ ತಪ್ಪನ್ನು ಗಾರ್ಡ್ ತಲೆಗೆ ಕಟ್ಟುವುದು ಅನ್ಯಾಯ.

ಚೈನ್ ಎಳೆದರೂ ಸಮಸ್ಯೆ ಇದೇ. ಬ್ರೇಕ್ ಬಿದ್ದು ಗಾಡಿ ನಿಲ್ಲುತ್ತದೆ. ಯಾವ ಬೋಗಿಯಲ್ಲಿ ಎಳೆದರೆಂದು ಗುರುತಿಸಿ ಅಲ್ಲಿಗೆ ಹೋಗಿ ಮತ್ತೆ ಸರಿಪಡಿಸಿದ ಮೇಲೆಯೇ ಹೊರಡಬಹುದು. ನಡುದಾರಿಯಲ್ಲಾದರೆ ಗಾರ್ಡ್ ಜಲ್ಲಿಕಲ್ಲಿನ ಮೇಲೆ ನಡೆದು ಬರಬೇಕು. ಅಷ್ಟರಲ್ಲಿ ಜನ ಹಳಿಗಿಳಿಯಲು ಶುರುಮಾಡಿರುತ್ತಾರೆ. ಗಾಡಿ ಪ್ಲಾಟ್‌ಫಾರಂ ಬಿಡುತ್ತಿರುವಾಗ ಯಾರಾದರೂ ಸಿಕ್ಕಿಕೊಂಡರೆ, ಬೋಗಿಗೆ ಬೆಂಕಿ ಬಿದ್ದರೆ ಕ್ಷಣವೂ ಯೋಚಿಸದೆ ಚೈನ್ ಎಳೆಯಿರಿ. ಬೋಗಿಯೊಳಗೆ ಒಬ್ಬರಿಗೆ ಎದೆನೋವು ಬಂದಿದೆ, ಮುಂದಿನ ಸ್ಟೇಷನ್ ಮೂರು ನಿಮಿಷದ ದಾರಿ ಎಂದಾದರೆ ಎಳೆಯಬೇಡಿ. ನಡುವೆ ನಿಂತ ಗಾಡಿಗೆ ಆಂಬುಲೆನ್ಸ್ ಬರಲಾರದು. ರೈಲ್ವೆ ಸಹಾಯವಾಣಿ 139ಕ್ಕೆ ಕರೆ ಮಾಡಿ, ಸ್ಟೇಷನ್‌ನಲ್ಲಿ ಇಳಿಸಿ. ಕಾರಣವಿಲ್ಲದೆ ಎಳೆದರೆ ರೈಲ್ವೆ ಕಾಯ್ದೆಯ 141ನೇ ಕಲಮಿನಡಿ ಒಂದು ವರ್ಷದವರೆಗೆ ಜೈಲು ಅಥವಾ ಸಾವಿರ ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ.

ಎಲ್ಲಕ್ಕಿಂತ ದೊಡ್ಡ ಲೋಪ ಬಾಗಿಲಿನದು. 2025ರ ಜೂನ್ 9ರ ಬೆಳಗ್ಗೆ ದಿವಾ–ಮುಂಬ್ರಾ ನಡುವಿನ ತಿರುವಿನಲ್ಲಿ ಎದುರುಬದುರು ಹೋದ ಎರಡು ಲೋಕಲ್‌ಗಳ ಬಾಗಿಲಲ್ಲಿ ಜೋತುಬಿದ್ದಿದ್ದವರು ಹಳಿಗೆ ಬಿದ್ದರು. ನಾಲ್ವರು ಅಂದೇ ಸತ್ತರು. ತಿರುವಿನಲ್ಲಿ ಹಳಿಯ ಒಂದು ಬದಿ ಎತ್ತರವಿರುತ್ತದೆ, ಬೋಗಿ ಒಳಬದಿಗೆ ವಾಲುತ್ತದೆ, ಒಳಗಿನ ಗುಂಪಿನ ಭಾರವೆಲ್ಲ ಬಾಗಿಲಲ್ಲಿದ್ದವನ ಮೇಲೆ ಬೀಳುತ್ತದೆ. ಬೆನ್ನಿನ ಚೀಲ ಗಾಡಿಯ ಮೈಯಿಂದ ಒಂದಡಿ ಹೊರಗಿದ್ದರೂ ಎದುರು ಗಾಡಿಯಲ್ಲಿ ಜೋತವನಿಗೆ ತಾಗುತ್ತದೆ. ವಿದ್ಯುತ್ ತಂತಿಯ ಕಂಬಗಳೂ ಅಷ್ಟೇ ಹತ್ತಿರ. ಮಳೆಗಾಲದಲ್ಲಿ ಬಾಗಿಲ ನಡುಗಂಬವೂ ಜಾರುತ್ತದೆ. ಇದರ ಮೇಲೆ ಫಟ್ಕಾ ಗ್ಯಾಂಗಿನವರು: ಗಾಡಿ ನಿಧಾನವಾಗುವ ಕಡೆ ಹಳಿ ಪಕ್ಕ ಕೋಲು ಹಿಡಿದು ನಿಂತು, ಬಾಗಿಲಲ್ಲಿ ಮೊಬೈಲ್ ನೋಡುತ್ತಿರುವವರ ಕೈಗೆ ಬಾರಿಸುತ್ತಾರೆ. ಮೊಬೈಲ್ ಜತೆ ಮನುಷ್ಯನೂ ಬೀಳುತ್ತಾನೆ.

ಬಾಗಿಲು ಹಾಕಿಬಿಟ್ಟರೆ ಆಯಿತಲ್ಲ ಎನ್ನುವವರಿದ್ದಾರೆ. ದಟ್ಟಣೆಯಲ್ಲಿ ಒಂದು ಚದರ ಮೀಟರ್ ಜಾಗದಲ್ಲಿ 14ರಿಂದ 16 ಜನ ನಿಂತಿರುತ್ತಾರೆ. ಎಸಿ ಇಲ್ಲದ ಬೋಗಿಯಲ್ಲಿ ಆ ಗುಂಪಿಗೆ ಗಾಳಿ ಬರುವುದೇ ತೆರೆದ ಬಾಗಿಲಿಂದ. ಹಾಗೇ ಮುಚ್ಚಿದರೆ ಉಸಿರುಗಟ್ಟುತ್ತದೆ. ಮುಂಬ್ರಾ ಘಟನೆಯ ನಂತರ ರೈಲ್ವೆ ಸಚಿವಾಲಯ ಘೋಷಿಸಿದ ಹೊಸ ವಿನ್ಯಾಸ ಇದನ್ನು ಸರಿಯಾಗಿ ಗುರುತಿಸಿದೆ: ಎಸಿ ಇಲ್ಲದ ಗಾಡಿಗೂ ತಾನಾಗಿ ಮುಚ್ಚುವ ಬಾಗಿಲು, ಬಾಗಿಲಲ್ಲಿ ಗಾಳಿಯಾಡುವ ಸೀಳುಗಳು, ಛಾವಣಿಯಿಂದ ಹೊರಗಾಳಿ ತಳ್ಳುವ ಯಂತ್ರ, ಬೋಗಿಯಿಂದ ಬೋಗಿಗೆ ಒಳದಾರಿ. ಬಾಗಿಲಿನ ಜತೆ ಉಳಿದ ಮೂರನ್ನೂ ಒಟ್ಟಿಗೆ ಕೊಟ್ಟರೆ ಮಾತ್ರ ಬಾಗಿಲು ಉಳಿಯುತ್ತದೆ. ಗಾಳಿ ಸಾಲದಿದ್ದರೆ ಜನ ಮೊದಲ ವಾರದಲ್ಲೇ ಬಾಗಿಲಿಗೆ ಕಾಲು ಕೊಟ್ಟು ನಿಲ್ಲುತ್ತಾರೆ.

ಬಾಗಿಲು ಮುಚ್ಚುವ ಗಾಡಿ ಹೇಗೆ ನಡೆಯುತ್ತದೆಂದು ನೋಡಲು ಎಸಿ ಲೋಕಲ್ ಇದೆ. ಮೊದಲನೆಯದು 2017ರ ಡಿಸೆಂಬರ್ 25ರಂದು ಪಶ್ಚಿಮ ಮಾರ್ಗದಲ್ಲಿ ಓಡಿತು. 2022ರ ಮೇ ತಿಂಗಳಲ್ಲಿ ಬಿಡಿ ಟಿಕೆಟ್ ದರ ಅರ್ಧಕ್ಕಿಳಿದ ಮೇಲೆ ಜನ ತುಂಬಿಕೊಂಡರು. ಕನಿಷ್ಠ ದರ 35 ರೂಪಾಯಿ. ಬಾಗಿಲು ಮುಚ್ಚದೆ ಗಾಡಿ ಹೊರಡುವುದಿಲ್ಲ, ಹಾಗಾಗಿ ಓಡುವ ಗಾಡಿಯಿಂದ ಬೀಳುವ ಪ್ರಶ್ನೆಯೇ ಇಲ್ಲ. ಬಾಗಿಲು ಗಾರ್ಡ್ ಕೈಯಲ್ಲಿರುವುದರಿಂದ ಅವನ ಕೆಲಸಕ್ಕೂ ಅರ್ಥ ಬರುತ್ತದೆ. ಜೀವದ ಲೆಕ್ಕದಲ್ಲಿ ಇದು ಈ ಜಾಲದ ಅತ್ಯುತ್ತಮ ಸೇವೆ, ಹಣ ಹೊಂದಿಸಲು ಆಗುವವರು ಕಣ್ಣುಮುಚ್ಚಿ ತೆಗೆದುಕೊಳ್ಳಬಹುದು.

ಇದರಲ್ಲೂ ಕೆಡುವುದು ಎರಡು ಕಡೆ. ಸಂಜೆಯ ಗುಂಪಿನಲ್ಲಿ ಒಬ್ಬನ ಚೀಲ ಸಿಕ್ಕಿಕೊಂಡರೂ ಬಾಗಿಲು ಮುಚ್ಚುವುದಿಲ್ಲ. ಒಳಗಿನವರು ಹೊರಗಿನವರನ್ನು ದೂಡುತ್ತಾರೆ, ಹೊರಗಿನವರು ಬಿಡುವುದಿಲ್ಲ, ಮೂವತ್ತು ಸೆಕೆಂಡಿನ ನಿಲುಗಡೆ ಎರಡು ನಿಮಿಷವಾಗುತ್ತದೆ. ರೈಲ್ವೆ ರಕ್ಷಣಾ ಪಡೆಯ (ಆರ್‌ಪಿಎಫ್) ಜನ ಪ್ಲಾಟ್‌ಫಾರಂನಲ್ಲಿ ನಿಂತು ಜನರನ್ನು ಒಳಗೆ ಒತ್ತಿದಾಗ ಮಾತ್ರ ಗಾಡಿ ಹೊರಡುತ್ತದೆ. ಎರಡನೆಯದು, ಎಸಿ ನಿಂತರೆ ತೆರೆಯುವ ಕಿಟಕಿ ಇಲ್ಲ. ಬೋಗಿಯಲ್ಲಿ ಗಾರ್ಡ್ ಜತೆ ಮಾತನಾಡುವ ಗುಂಡಿಯೂ, ಬಾಗಿಲನ್ನು ತುರ್ತಾಗಿ ಸಡಿಲಿಸುವ ಹಿಡಿಯೂ ಇರುತ್ತವೆ. ಹತ್ತಿದ ಕೂಡಲೇ ಅವೆಲ್ಲಿವೆ ಎಂದು ನೋಡಿಟ್ಟುಕೊಳ್ಳಿ. ಮೊದಲು ಗುಂಡಿ ಒತ್ತಿ ಮಾತನಾಡಿ. ಬಾಗಿಲಿನ ಹಿಡಿ ಗಾಡಿ ಪೂರ್ತಿ ನಿಂತ ಮೇಲೆ, ಬೇರೆ ದಾರಿಯೇ ಇಲ್ಲದಾಗ.

ಸಿಬ್ಬಂದಿಯನ್ನು ಹೆಚ್ಚಿಸುವುದಾದರೆ ಎಲ್ಲಿ ಎಂಬ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ಬೋಗಿಗೊಬ್ಬನನ್ನು ಹತ್ತಿಸಿ ಪ್ರಯೋಜನವಿಲ್ಲ, ಅವನೂ ಅಲ್ಲಾಡಲಾರ. ಬೇಕಾದದ್ದು ದಟ್ಟಣೆಯ ಸ್ಟೇಷನ್‌ಗಳ ಪ್ಲಾಟ್‌ಫಾರಂನಲ್ಲಿ, ಬಾಗಿಲುಗಳು ಬರುವ ಜಾಗದಲ್ಲಿ, ಗಾರ್ಡ್‌ಗೆ ಕೈಸನ್ನೆ ಕೊಡುವ ಜನ. ಮೇಲ್ಸೇತುವೆಗೂ ಇದೇ ಮಾತು. 2017ರ ಸೆಪ್ಟೆಂಬರ್ 29ರಂದು ಎಲ್ಫಿನ್‌ಸ್ಟನ್ ರೋಡ್ ಸ್ಟೇಷನ್ನಿನ ಕಿರಿದಾದ ಸೇತುವೆಯಲ್ಲಿ ಮಳೆಗೆ ನಿಂತ ಜನರ ಮೇಲೆ ಹೊಸ ಗಾಡಿಗಳಿಂದ ಇಳಿದವರು ಬಂದು ಬಿದ್ದು, ಕಾಲ್ತುಳಿತದಲ್ಲಿ 23 ಜನ ಸತ್ತರು. ಈಗ ಆ ಸ್ಟೇಷನ್ ಹೆಸರು ಪ್ರಭಾದೇವಿ, ಅಲ್ಲಿ ಸೇನೆ ಕಟ್ಟಿಕೊಟ್ಟ ಹೊಸ ಸೇತುವೆ ಇದೆ. ಸೇತುವೆಯ ಅಗಲದಷ್ಟೇ ಮುಖ್ಯ, ಮೆಟ್ಟಿಲ ಬುಡದಲ್ಲಿ ನಿಂತು ಜನರನ್ನು ತಡೆದು ಬಿಡುವ ಮನುಷ್ಯ.

ಪ್ಲಾಟ್‌ಫಾರಂ ಮತ್ತು ಬೋಗಿ ನಡುವಿನ ಸಂದು ಮೊದಲಿಗಿಂತ ಸುಧಾರಿಸಿದೆ. 2014ರಲ್ಲಿ ಘಾಟ್‌ಕೋಪರ್‌ನಲ್ಲಿ ಕಾಲೇಜು ಹುಡುಗಿಯೊಬ್ಬಳು ಸಂದಿಗೆ ಬಿದ್ದು ಎರಡೂ ಕೈ ಕಳೆದುಕೊಂಡ ಮೇಲೆ ಹೈಕೋರ್ಟ್ ಒತ್ತಡದಲ್ಲಿ ಪ್ಲಾಟ್‌ಫಾರಂಗಳನ್ನು 900 ಮಿಲಿಮೀಟರ್‌ಗಿಂತ ಎತ್ತರಿಸುವ ಕೆಲಸ ನಡೆಯಿತು. ಬಾಗಿದ ಪ್ಲಾಟ್‌ಫಾರಂಗಳಲ್ಲಿ ಅಡ್ಡ ಸಂದು ಉಳಿದೇ ಇದೆ.

ಮಹಿಳೆಯರ ಬೋಗಿಗಳಲ್ಲಿ ಕೆಲವು ದಿನವಿಡೀ ಮೀಸಲು, ಕೆಲವು ನಿಗದಿತ ಹೊತ್ತಿಗೆ ಮಾತ್ರ. ಬೋಗಿಯ ಮೇಲಿನ ಬರಹ ಓದಿ ಹತ್ತಿ. ರಾತ್ರಿ ವೇಳೆ ಜಿಆರ್‌ಪಿ ಪೊಲೀಸ್ ಅಥವಾ ಹೋಮ್‌ಗಾರ್ಡ್ ಇರುತ್ತಾರೆ. ಇದು ನಿಜವಾಗಿ ಕೆಲಸ ಮಾಡುವ ವ್ಯವಸ್ಥೆ, ಇನ್ನಷ್ಟು ಬೋಗಿಗಳಿಗೆ ಬೇಕು. ಖಾಲಿ ಮೊದಲ ದರ್ಜೆಗಿಂತ ಸಮವಸ್ತ್ರದವರಿರುವ ಎರಡನೇ ದರ್ಜೆಯೇ ರಾತ್ರಿಗೆ ಲೇಸು. ಮೊಬೈಲ್ ಕಳ್ಳತನ, ಹಲ್ಲೆ, ಕಿರುಕುಳದ ದೂರು ಕೊಡಬೇಕಾದದ್ದು ರಾಜ್ಯ ಪೊಲೀಸ್ ಇಲಾಖೆಯ ಜಿಆರ್‌ಪಿಗೆ, ಸಹಾಯವಾಣಿ 1512. ಘಟನೆ ಎಲ್ಲೇ ನಡೆದಿರಲಿ, ಯಾವ ಜಿಆರ್‌ಪಿ ಠಾಣೆಯಲ್ಲೂ ಜೀರೋ ಎಫ್‌ಐಆರ್ ದಾಖಲಿಸಿಕೊಳ್ಳಲೇಬೇಕು. ನಮ್ಮ ವ್ಯಾಪ್ತಿಯಲ್ಲ ಎಂದು ಅಲೆಸುವಂತಿಲ್ಲ.

ಊರಿಂದ ಬಂದು ಕಲ್ಯಾಣ್, ಪನ್ವೇಲ್ ಅಥವಾ ಕುರ್ಲಾದಲ್ಲಿ ಇಳಿದು ಲೋಕಲ್ ಹಿಡಿಯುವವರಿಗೆ ಒಂದೆರಡು ಮಾತು. ಬೆಳಗ್ಗೆ ಎಂಟರಿಂದ ಹನ್ನೊಂದರವರೆಗೆ ದಕ್ಷಿಣದ ಕಡೆಗೆ, ಸಂಜೆ ಐದರಿಂದ ಒಂಬತ್ತರವರೆಗೆ ಉತ್ತರದ ಕಡೆಗೆ ಪೆಟ್ಟಿಗೆ ಹಿಡಿದು ಹತ್ತಬೇಡಿ, ಕಾಯಿರಿ ಅಥವಾ ಟ್ಯಾಕ್ಸಿ ಹಿಡಿಯಿರಿ. ಬೊರಿವಲಿಗೆ ಹೋಗುವವರು ಇನ್ನೂ ಮುಂದಕ್ಕೆ ಹೋಗುವವರಿಂದ ತುಂಬಿರುವ ವಿರಾರ್ ಫಾಸ್ಟ್ ಹತ್ತಬಾರದು, ಇಳಿಯಲು ದಾರಿಯೇ ಸಿಗುವುದಿಲ್ಲ. ಫಾಸ್ಟ್ ಗಾಡಿ ಎಲ್ಲೆಲ್ಲಿ ನಿಲ್ಲುತ್ತದೆಂದು ಇಂಡಿಕೇಟರ್ ನೋಡಿಯೇ ಹತ್ತಿ. ಇಳಿಯುವ ಸ್ಟೇಷನ್ನಿಗೆ ಒಂದು ನಿಲ್ದಾಣ ಮೊದಲೇ ಬಾಗಿಲ ಕಡೆ ಸರಿಯಿರಿ, ಪ್ಲಾಟ್‌ಫಾರಂ ಯಾವ ಬದಿಗೆ ಬರುತ್ತದೆಂದು ಪಕ್ಕದವರನ್ನು ಕೇಳಿ. ಬೆನ್ನಿನ ಚೀಲ ಎದೆಗೆ ಬರಲಿ.

ಬೆಂಗಳೂರು ಉಪನಗರ ರೈಲಿಗೆ 2022ರ ಜೂನ್‌ನಲ್ಲಿ ಶಂಕುಸ್ಥಾಪನೆಯಾಗಿದೆ. ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ ಎಂಬ ನಾಲ್ಕು ಮಾರ್ಗ, ಒಟ್ಟು 148 ಕಿಲೋಮೀಟರ್. ಇದನ್ನು ಕಟ್ಟುತ್ತಿರುವ ಕೆ-ರೈಡ್ ಸಂಸ್ಥೆ ಮುಂಬೈಯಿಂದ ಕಲಿಯಬೇಕಾದ್ದು ಸ್ಪಷ್ಟವಾಗಿದೆ: ಬಾಗಿಲು ಮುಚ್ಚದೆ ಕದಲದ ಗಾಡಿ, ಬೋಗಿಯ ನೆಲಕ್ಕೆ ಸರಿಸಮನಾದ ಪ್ಲಾಟ್‌ಫಾರಂ, ಹಳಿಗೆ ಎರಡೂ ಬದಿ ಬೇಲಿ, ಮೊದಲ ದಿನದಿಂದಲೇ ಪ್ಲಾಟ್‌ಫಾರಂ ಸಿಬ್ಬಂದಿ. ಗಾಡಿ ತುಂಬಿ ತುಳುಕಿದ ಮೇಲೆ ಇವನ್ನು ಸೇರಿಸುವುದು ಎಷ್ಟು ಕಷ್ಟವೆಂದು ಮುಂಬೈ ತೋರಿಸುತ್ತಿದೆ.

ಕೊನೆಯದಾಗಿ, ಯಾರಾದರೂ ಗಾಡಿಯಿಂದ ಬಿದ್ದರೆ ಮಾಡಬೇಕಾದ್ದು. ಹಳಿ ಪಕ್ಕದ ವಿದ್ಯುತ್ ಕಂಬಗಳ ಮೇಲೆ ಕಿಲೋಮೀಟರ್ ಮತ್ತು ಕಂಬದ ಸಂಖ್ಯೆ ಬರೆದಿರುತ್ತದೆ, 45/12 ಎಂಬಂತೆ. ಬಿದ್ದ ಜಾಗಕ್ಕೆ ಹತ್ತಿರದ ಸಂಖ್ಯೆ ನೋಡಿಕೊಂಡು 139ಕ್ಕೆ ಹೇಳಿ. ದಿವಾ–ಮುಂಬ್ರಾ ನಡುವೆ ಎಲ್ಲೋ ಎಂದರೆ ಕತ್ತಲಲ್ಲಿ ಹುಡುಕಲು ಅರ್ಧ ಗಂಟೆ ಹೋಗುತ್ತದೆ. ಮುಂದಿನ ಸ್ಟೇಷನ್‌ನಲ್ಲಿ ಇಳಿದು ಸ್ಟೇಷನ್ ಮಾಸ್ತರರಿಗೂ ಅದೇ ಸಂಖ್ಯೆ ಕೊಡಿ. ಸ್ಟ್ರೆಚರ್, ಹಮಾಲರು, ಜಿಆರ್‌ಪಿಗೆ ಹೋಗುವ ಮೆಮೊ ಎಲ್ಲ ಹೊರಡುವುದು ಆ ಕೋಣೆಯಿಂದಲೇ.

ಗಾಯಾಳುವಿನ ಟಿಕೆಟ್ ಅಥವಾ ಪಾಸ್ ಜೋಪಾನ ಮಾಡಿ. ಮೆಮೊ, ಜಿಆರ್‌ಪಿ ಪಂಚನಾಮೆ, ಆಸ್ಪತ್ರೆ ಕಾಗದಗಳ ಪ್ರತಿ ತೆಗೆದಿಡಿ. ರೈಲ್ವೆ ಕಾಯ್ದೆಯ 124-ಎ ಕಲಮಿನ ಪ್ರಕಾರ ಗಾಡಿಯಿಂದ ಆಕಸ್ಮಿಕವಾಗಿ ಬಿದ್ದರೆ ರೈಲ್ವೆಯ ತಪ್ಪಿತ್ತೇ ಎಂದು ಸಾಬೀತುಪಡಿಸುವ ಅಗತ್ಯವಿಲ್ಲ. ಸಾವಿಗೆ 8 ಲಕ್ಷ ರೂಪಾಯಿ, ಗಾಯಕ್ಕೆ ಅದರ ತೀವ್ರತೆಗೆ ತಕ್ಕಂತೆ ಪರಿಹಾರ. ಆತ್ಮಹತ್ಯೆ, ಬೇಕೆಂದೇ ಮಾಡಿಕೊಂಡ ಗಾಯ, ಸ್ವಂತ ಅಪರಾಧ ಕೃತ್ಯ, ಅಮಲು, ಸಹಜ ಕಾಯಿಲೆ ಇವಕ್ಕೆ ಸಿಗುವುದಿಲ್ಲ, ಟಿಕೆಟ್ ಇಲ್ಲದೆ ಹಳಿ ದಾಟುವವರಿಗೂ ಇಲ್ಲ. ಹತ್ತುವಾಗ ಇಳಿಯುವಾಗ ಬಿದ್ದದ್ದನ್ನು ಬೇಕೆಂದೇ ಮಾಡಿಕೊಂಡ ಗಾಯವೆಂದು ತಳ್ಳಿಹಾಕುವಂತಿಲ್ಲ ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಮೃತದೇಹದ ಬಳಿ ಟಿಕೆಟ್ ಸಿಗಲಿಲ್ಲ ಎಂಬುದೊಂದೇ ಕಾರಣಕ್ಕೆ ಅರ್ಜಿ ತಿರಸ್ಕರಿಸುವಂತಿಲ್ಲ ಎಂದೂ ಅದೇ ತೀರ್ಪಿನಲ್ಲಿದೆ. ಅರ್ಜಿ ರೈಲ್ವೆ ಕ್ಲೇಮ್ಸ್ ಟ್ರಿಬ್ಯೂನಲ್‌ಗೆ, ಘಟನೆ ನಡೆದ ಒಂದು ವರ್ಷದೊಳಗೆ. ತಡವಾದರೆ ಕಾರಣ ಬರೆದುಕೊಡಬೇಕು, ಒಪ್ಪುವುದು ಬಿಡುವುದು ಟ್ರಿಬ್ಯೂನಲ್‌ಗೆ ಬಿಟ್ಟದ್ದು.